ಹಳೆಯ ಮೋಟಾರು ಗಾಡಿಯೂ ಅದರ ನಿಜವೂ

ಹಳೆಯದನ್ನು ಉಳಿಸಿಕೊಳ್ಳಬೇಕೆಂಬ ಆಸೆಯು ಹೊಸದನ್ನು ಪಡೆಯಬೇಕೆಂಬ ಆಸೆಯಷ್ಟೇ ಮನುಷ್ಯನಿಗೆ ಸಹಜವಾದದ್ದು. ದೇವಾಲಯವನ್ನೋ ಶಿಲಾಶಾಸನವನ್ನೋ ತಾಳೆಯೋಲೆಯ ಕಟ್ಟನ್ನೋ ಕಾಪಾಡಬೇಕೆಂದರೆ ಏಕೆಂದು ಕೇಳುವವರಿಲ್ಲ. ಆದರೆ ಗೃಹಸ್ಥನೊಬ್ಬನು ಯಾವುದೋ ತೋಟದ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮನೆಯಾಗಿದ್ದ ಮೋಟಾರು ಗಾಡಿಯೊಂದನ್ನು ಎಳೆಸಿ ತಂದು, ಹತ್ತು ವರ್ಷಗಳ ಭಾನುವಾರಗಳನ್ನೂ ಕೂಡಿಟ್ಟ ಹಣವನ್ನೂ ಅದಕ್ಕೆ ಧಾರೆಯೆರೆದನೆಂದರೆ ನೆರೆಹೊರೆಯವರು ನಗುತ್ತಾರೆ, ಮನೆಯವರು ನಿಟ್ಟುಸಿರಿಡುತ್ತಾರೆ. ನಗುವವರ ಪಕ್ಷದಲ್ಲಿಯೂ ನ್ಯಾಯವುಂಟು. ಮೋಟಾರು ಗಾಡಿ ದೇವರಲ್ಲ, ಕಾವ್ಯವಲ್ಲ. ಕಾರ್ಖಾನೆಯಿಂದ ಒಂದರ ಹಿಂದೊಂದಾಗಿ ಹೊರಬಿದ್ದ ಸರಕು. ಫೋರ್ಡ್ ಕಂಪೆನಿಯ ‘ಟಿ’ ಮಾದರಿಯ ಗಾಡಿಗಳು 1908ರಿಂದ 1927ರ ವರೆಗೆ ಒಂದೂವರೆ ಕೋಟಿಯಷ್ಟು ತಯಾರಾದುವು. ಒಂದೂವರೆ ಕೋಟಿಯಲ್ಲಿ ಒಂದು ತುಕ್ಕು ಹಿಡಿದು ಮಣ್ಣಾದರೆ ಲೋಕಕ್ಕೆ ಬಂದ ನಷ್ಟವಾದರೂ ಏನು?

ಹೀಗೆ ಕೇಳುವವರಿಗೆ ಉತ್ತರ ಹೇಳುವುದು ಈ ಲೇಖನದ ಮುಖ್ಯ ಉದ್ದೇಶವಲ್ಲ. ಹವ್ಯಾಸಗಳಿಗೆ ಕಾರಣ ಕೇಳಹೊರಟರೆ ಯಾವ ಹವ್ಯಾಸವೂ ಉಳಿಯಲಾರದು. ಈ ಹವ್ಯಾಸವು ತನ್ನೊಳಗೆ ಅಡಗಿಸಿಕೊಂಡಿರುವ ಒಂದು ಪ್ರಶ್ನೆಯ ಕಡೆಗೆ ಮಾತ್ರ ವಾಚಕರ ಗಮನವನ್ನು ಸೆಳೆಯಬೇಕೆಂದು ನನ್ನ ಅಪೇಕ್ಷೆ. ತತ್ತ್ವಜ್ಞರು ಎರಡು ಸಾವಿರ ವರ್ಷಗಳಿಂದ ಮಾತಿನಲ್ಲಿ ಎತ್ತಿ ಆಡುತ್ತಿದ್ದ ಪ್ರಶ್ನೆಯೇ ಇಲ್ಲಿ ಕಬ್ಬಿಣ ಮರ ತೊಗಲುಗಳ ರೂಪವನ್ನು ತಾಳಿ, ಮೇಸ್ತ್ರಿಯ ಮುಂದೆ ದಿನಬೆಳಗಾದರೆ ಬಂದು ನಿಲ್ಲುತ್ತದೆ. ಅವನು ಅದಕ್ಕೆ ಸುತ್ತಿಗೆಯಿಂದಲೋ ಗರಗಸದಿಂದಲೋ ಉತ್ತರ ಕೊಡಲೇಬೇಕಾಗುತ್ತದೆ.

ಹವ್ಯಾಸವು ಹೊಸದೇನೂ ಅಲ್ಲ. ಇಂಗ್ಲೆಂಡಿನಲ್ಲಿ ಮೋಟಾರು ಗಾಡಿಗಳ ವೇಗದ ಮೇಲಿದ್ದ ಕಟ್ಟು ಸಡಿಲವಾದ ಸಂತೋಷಕ್ಕಾಗಿ 1896ರ ನವೆಂಬರಿನಲ್ಲಿ ಕೆಲವರು ಲಂಡನ್ನಿನಿಂದ ಬ್ರೈಟನ್ನಿಗೆ ಗಾಡಿಗಳನ್ನು ಓಡಿಸಿಕೊಂಡು ಹೋದರು; ಆ ದಿನದ ನೆನಪಿಗೆಂದು 1927ರಲ್ಲಿ ಮತ್ತೆ ಆರಂಭವಾದ ಯಾತ್ರೆಯಲ್ಲಿ 1905ಕ್ಕೆ ಹಿಂದಿನ ಗಾಡಿಗಳಿಗೆ ಮಾತ್ರ ಪ್ರವೇಶ. ನಮ್ಮ ದೇಶದಲ್ಲಿ ದಿಲ್ಲಿಯ ‘ಸ್ಟೇಟ್ಸ್‌ಮನ್’ ಪತ್ರಿಕೆಯವರು 1964ರಲ್ಲಿ ಹಳೆಯ ಗಾಡಿಗಳ ಮೆರವಣಿಗೆಯನ್ನು ಪ್ರಾರಂಭಿಸಿದರು. ನಮ್ಮ ಕನ್ನಡನಾಡಿನ ಧರ್ಮಸ್ಥಳದಲ್ಲಿ ಮಂಜುನಾಥನ ದರ್ಶನಕ್ಕೆ ಹೋದವರು ಹಳೆಯ ಮೋಟಾರು ಗಾಡಿಗಳ ಸಂಗ್ರಹಾಲಯವನ್ನೂ ನೋಡಿಕೊಂಡು ಬರಬಹುದು. ಇಷ್ಟು ಸಾಕು, ಇತಿಹಾಸವನ್ನು ಬರೆಯುವುದಕ್ಕೆ ಬೇರೆಯವರಿದ್ದಾರೆ.

ಇನ್ನು ಈ ಜೀರ್ಣೋದ್ಧಾರದ ಕೆಲಸವೆಂದರೆ ಏನೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಗಾಡಿಯನ್ನು ಕಳಚುತ್ತಾರೆ. ಮಡ್‌ಗಾರ್ಡು, ದೀಪ, ಬಾಗಿಲು, ರೇಡಿಯೇಟರು ಎಲ್ಲವನ್ನೂ ಬಿಚ್ಚಿ, ಒಂದೊಂದು ತಿರುಪಿಗೂ ಚೀಟಿ ಕಟ್ಟಿ ಡಬ್ಬಿಗಳಲ್ಲಿ ಇಡುತ್ತಾರೆ. ಷಾಸಿ ಎಂದು ಕರೆಯುವ ಕೆಳಗಿನ ಉಕ್ಕಿನ ಚೌಕಟ್ಟಿನ ಮೇಲಿಂದ ಗಾಡಿಯ ಮೈಯನ್ನು ಎತ್ತಿ ಬೇರೆ ಇಡುತ್ತಾರೆ. ಆ ಕಾಲದ ಎಷ್ಟೋ ಗಾಡಿಗಳಲ್ಲಿ ತಗಡಿನ ಮೈಯೊಳಗೆ ಮರದ ಅಸ್ಥಿಪಂಜರವಿರುತ್ತಿತ್ತೆಂಬುದನ್ನು ಈಗಿನವರು ಅರಿಯರು. ಇಂಗ್ಲೆಂಡಿನ ಬಡಗಿಗಳು ಅದಕ್ಕೆ ‘ಆಷ್’ ಎಂಬ ಬಳುಕುವ ಮರವನ್ನು ಬಳಸುತ್ತಿದ್ದರು. ನಮ್ಮ ಸೀಮೆಯ ಗೆದ್ದಲಿಗೆ ಆ ಮರ ಮೃಷ್ಟಾನ್ನವಾದ್ದರಿಂದ, ತಗಡನ್ನು ಬಿಡಿಸಿ ನೋಡಿದರೆ ಒಳಗೆ ಮರವಿರುವ ಕಡೆ ಬರಿಯ ಮಣ್ಣಿನ ಹುಡಿ. ಬಡಗಿಯು ತಗಡಿನ ಆಕಾರವನ್ನೇ ಅಚ್ಚಾಗಿ ಇಟ್ಟುಕೊಂಡು ಹೊಸ ಪಂಜರವನ್ನು ಕಟ್ಟಬೇಕು. ಅವನು ತೇಗದ ಮರವನ್ನು ಉಪಯೋಗಿಸಿದರೆ ಅದು ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಆದರೆ ಕಟ್ಟಿದವನು ಉಪಯೋಗಿಸಿದ್ದು ತೇಗವಲ್ಲ. ಇಲ್ಲಿಯೇ ಮೊದಲನೆಯ ತೊಡಕು.

ಇಂಜಿನಿನ ಕೆಲಸ ಇದಕ್ಕಿಂತ ಸೂಕ್ಷ್ಮವಾದದ್ದು. ಈಗಿನ ಇಂಜಿನುಗಳಲ್ಲಿ ಬೇರಿಂಗು ಸವೆದರೆ ತೆಳುವಾದ ಸಿದ್ಧ ಚಿಪ್ಪುಗಳನ್ನು ತಂದು ಕೂರಿಸಿಬಿಡುತ್ತಾರೆ. ಹಳೆಯ ಕಾಲದ ಇಂಜಿನುಗಳಲ್ಲಿ ಹಾಗಲ್ಲ. ತವರದ ಪಾಲು ಹೆಚ್ಚಾಗಿರುವ ಬಿಳಿ ಲೋಹವನ್ನು ಕರಗಿಸಿ ನೇರವಾಗಿ ಅದರ ಸ್ಥಾನಕ್ಕೆ ಎರಕ ಹೊಯ್ದು, ಆರಿದ ಮೇಲೆ ಕೊರೆದು, ಅಚ್ಚಿಗೆ ನೀಲಿ ಬಣ್ಣವನ್ನು ತೆಳುವಾಗಿ ಸವರಿ ತಿರುಗಿಸಿ, ಬಣ್ಣ ಹತ್ತಿದ ಉಬ್ಬುಗಳನ್ನು ಕೈಯುಳಿಯಿಂದ ಹೆರೆದು ಹೆರೆದು ಸಮ ಮಾಡಬೇಕು. ಈ ವಿದ್ಯೆಯನ್ನು ಬಲ್ಲವರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಗಾಡಿಗಿಂತ ಈ ಕೈಗಳೇ ಅಪರೂಪವಾದ ವಸ್ತುಗಳೆಂದು ನನಗೆ ಅನೇಕ ಸಲ ತೋರಿದೆ. ಸಂಗ್ರಹಾಲಯದಲ್ಲಿ ಗಾಡಿಯನ್ನು ಕಾಪಾಡಬಹುದು. ಬಿಳಿ ಲೋಹ ಸರಿಯಾದ ಶಾಖಕ್ಕೆ ಬಂದಿತೆಂಬುದನ್ನು ಕಣ್ಣಿನಿಂದಲೇ ತಿಳಿಯುವ ಮುದುಕನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾದೀತೆ?

ಇಷ್ಟೆಲ್ಲ ಆದ ಮೇಲೆ ಮರ ಹೊಸದು, ತೊಗಲು ಹೊಸದು, ಟೈರುಗಳು ಹೊಸವು, ಬಣ್ಣ ಹೊಸದು, ತಗಡಿನಲ್ಲಿ ಅರೆವಾಸಿ ಹೊಸದು, ಇಂಜಿನಿನ ಒಳಗಿನ ಅಂಗಗಳಲ್ಲಿ ಬಹುಪಾಲು ಹೊಸವು. ಹೀಗಿರಲು ‘ಇದು ಆ ಗಾಡಿಯೇ’ ಎಂದು ಯಜಮಾನನು ಹೆಮ್ಮೆಯಿಂದ ಹೇಳಿದಾಗ ‘ಇದು’ ಯಾವುದು, ‘ಅದು’ ಯಾವುದು?

ಗ್ರೀಕರು ಈ ಪ್ರಶ್ನೆಯನ್ನು ಥೀಸಿಯಸ್ ಎಂಬ ವೀರನ ಹಡಗನ್ನು ಕುರಿತು ಕೇಳಿದರು. ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಿದ ಮೇಲೆ ಅದು ಅದೇ ಹಡಗೆ ಎಂದು ಅವರಲ್ಲಿ ವಾದವಾಯಿತೆಂದು ಪ್ಲೂಟಾರ್ಕನು ಬರೆದಿದ್ದಾನೆ. ಆದರೆ ನಮಗೆ ಅಷ್ಟು ದೂರ ಹೋಗಬೇಕಾದ ಅವಶ್ಯಕತೆಯಿಲ್ಲ. ಪಾಲಿಯ ಮಿಲಿಂದಪನ್ಹದಲ್ಲಿ ಯವನರಾಜನಾದ ಮಿಲಿಂದನು ಭಿಕ್ಷು ನಾಗಸೇನನ ಬಳಿಗೆ ರಥದಲ್ಲಿ ಬರುತ್ತಾನೆ. ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ ಎಂದು ನಾಗಸೇನನು ಒಂದೊಂದನ್ನೇ ಕೇಳುತ್ತಾ ಹೋಗಿ, ಯಾವುದೂ ಅಲ್ಲವೆಂದು ರಾಜನ ಬಾಯಿಂದಲೇ ಹೇಳಿಸಿ, ಅಂಗಗಳ ಕೂಟಕ್ಕೆ ವ್ಯವಹಾರಕ್ಕಾಗಿ ಕೊಟ್ಟ ಹೆಸರೇ ರಥವೆಂದು ತೋರಿಸುತ್ತಾನೆ. ಇದು ಎಲ್ಲರೂ ಬಲ್ಲ ಭಾಗ. ಅದೇ ಗ್ರಂಥದಲ್ಲಿ ಇನ್ನೊಂದು ಕಡೆ ಬರುವ ದೀಪದ ದೃಷ್ಟಾಂತವೇ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ರಾತ್ರಿಯ ಮೊದಲನೆಯ ಜಾವದಲ್ಲಿ ಉರಿದ ಜ್ವಾಲೆಯೂ ಕಡೆಯ ಜಾವದ ಜ್ವಾಲೆಯೂ ಒಂದೆಯೆ? ಒಂದೂ ಅಲ್ಲ, ಬೇರೆಯೂ ಅಲ್ಲ. ಒಂದರಿಂದ ಇನ್ನೊಂದು ತಡೆಯಿಲ್ಲದೆ ಹುಟ್ಟಿ ಬಂದಿದೆ.

ಈ ಉತ್ತರ ಭಿಕ್ಷುವಿಗೆ ಸಾಕು. ಗಾಡಿ ಕೊಳ್ಳುವವನಿಗೆ ಸಾಲದು. ಏಕೆಂದರೆ ಜಗತ್ತಿನಲ್ಲಿ ಅದೇ ಗಾಡಿಗೆ ಒಂದು ಬೆಲೆ, ಅದರಂಥ ಗಾಡಿಗೆ ಇನ್ನೊಂದು ಬೆಲೆ. ಬೆಲೆ ಬಂದಲ್ಲಿ ಕಪಟವೂ ಬರುತ್ತದೆ.

ಪುರಿಯ ಜಗನ್ನಾಥನ ನವಕಲೇವರವನ್ನು ಇಲ್ಲಿ ನೆನೆಯಬಹುದು. ಅಧಿಕ ಆಷಾಢ ಬರುವ ವರ್ಷಗಳಲ್ಲಿ ಅಲ್ಲಿ ದೇವರ ಮರದ ಮೂರ್ತಿಗಳನ್ನು ಹೊಸದಾಗಿ ಕೆತ್ತಿ ಹಳೆಯವನ್ನು ಭೂಗತ ಮಾಡುತ್ತಾರೆ; 1996ರಲ್ಲಿ ಆಯಿತು, ಮತ್ತೆ 2015ರಲ್ಲಿ ಆಯಿತು. ಹಳೆಯ ಮೂರ್ತಿಯ ಒಳಗಿನ ಬ್ರಹ್ಮಪದಾರ್ಥವನ್ನು ಹೊಸ ಮೂರ್ತಿಗೆ ಸೇರಿಸುವುದೇ ಆ ಕರ್ಮದ ಹೃದಯ. ಭಕ್ತರಲ್ಲಿ ಒಬ್ಬನಾದರೂ ‘ಇವನು ಬೇರೆ ಜಗನ್ನಾಥ’ ಎನ್ನುವುದಿಲ್ಲ. ಕಲೇವರ ಹೊಸದೆಂಬುದನ್ನು ಯಾರೂ ಮುಚ್ಚಿಡುವುದೂ ಇಲ್ಲ. ಲಕ್ಷಾಂತರ ಜನರ ನಡುವೆ ಹಬ್ಬ ಮಾಡಿ ಸಾರುತ್ತಾರೆ. ಇವೆರಡೂ ಒಟ್ಟಿಗೆ ಇರಬಹುದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು: ಒಡಲು ಹೊಸದು, ದೇವರು ಅದೇ, ಎರಡನ್ನೂ ಬಹಿರಂಗವಾಗಿ ಹೇಳಬಹುದು.

ಮೋಟಾರು ಗಾಡಿಗೆ ಬ್ರಹ್ಮಪದಾರ್ಥ ಯಾವುದು? ವ್ಯವಹಾರದಲ್ಲಿ ಅದಕ್ಕೆ ಉತ್ತರ ಸಿದ್ಧವಾಗಿದೆ: ಷಾಸಿಯ ಸಂಖ್ಯೆ. ಉಕ್ಕಿನ ಚೌಕಟ್ಟಿನಲ್ಲಿಯೋ ಅದಕ್ಕೆ ಹೊಡೆದ ಹಿತ್ತಾಳೆಯ ತಗಡಿನಲ್ಲಿಯೋ ಕಾರ್ಖಾನೆಯವರು ಒತ್ತಿದ ಕೆಲವು ಅಂಕೆಗಳು. ಸರ್ಕಾರದ ಪುಸ್ತಕದಲ್ಲಿ ಗಾಡಿಯೆಂದರೆ ಆ ಅಂಕೆಗಳು, ಉಳಿದದ್ದೆಲ್ಲ ಉಪಾಧಿ. ಆದರೆ ಅಂಕೆಗೆ ದೇವರ ಸಾನ್ನಿಧ್ಯವಿಲ್ಲ, ಅದನ್ನು ಕಾಯುವ ದೈತಾಪತಿಗಳಿಲ್ಲ. ಹಿತ್ತಾಳೆಯ ತಗಡೊಂದು ಸಿಕ್ಕಿದರೆ ಅದರ ಸುತ್ತ ಇಡೀ ಗಾಡಿಯನ್ನು ಹೊಸದಾಗಿ ಬೆಳೆಸಬಲ್ಲ ಚತುರರಿದ್ದಾರೆ. ಷಾಸಿಯನ್ನು ಒಬ್ಬನೂ ಅದೇ ಗಾಡಿಯ ಇಂಜಿನನ್ನು ಇನ್ನೊಬ್ಬನೂ ಹೊತ್ತುಕೊಂಡುಹೋಗಿ ಎರಡು ಕಡೆ ಎರಡು ಗಾಡಿಗಳನ್ನು ಕಟ್ಟಿ, ಎರಡಕ್ಕೂ ಒಂದೇ ಜನ್ಮಪತ್ರಿಕೆಯನ್ನು ಹೇಳಿಕೊಳ್ಳುವುದೂ ಉಂಟು.

ಈ ವಿವಾದವು ಒಮ್ಮೆ ನ್ಯಾಯಸ್ಥಾನದ ಮೆಟ್ಟಿಲನ್ನೇ ಹತ್ತಿತು. ಫ್ರಾನ್ಸಿನ ಲ ಮಾನ್ಸ್ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯ ನಡೆಯುತ್ತದೆ. 1929ರಲ್ಲಿಯೂ 1930ರಲ್ಲಿಯೂ ಅದನ್ನು ಗೆದ್ದದ್ದು ಬೆಂಟ್ಲಿ ಕಂಪೆನಿಯ ಒಂದು ‘ಸ್ಪೀಡ್ ಸಿಕ್ಸ್’ ಗಾಡಿ. ಅದಕ್ಕೆ ‘ಓಲ್ಡ್ ನಂಬರ್ ಒನ್’ ಎಂದು ಹೆಸರಾಯಿತು. ಪಂದ್ಯದ ಗಾಡಿಯಾದ್ದರಿಂದ ಪ್ರತಿವರ್ಷವೂ ಅದರ ಅಂಗಗಳು ಬದಲಾದುವು. 1932ರಲ್ಲಿ ದೊಡ್ಡ ಇಂಜಿನನ್ನು ಹೊತ್ತು ಬ್ರೂಕ್‌ಲ್ಯಾಂಡ್ಸಿನಲ್ಲಿ ಓಡುತ್ತಿದ್ದಾಗ ಅದು ಓಟದ ದಾರಿಯ ಎತ್ತರದ ಅಂಚನ್ನು ದಾಟಿ ಕೆಳಗೆ ಬಿತ್ತು; ನಡಸುತ್ತಿದ್ದ ಕ್ಲೈವ್ ಡನ್‌ಫೀ ತೀರಿಕೊಂಡನು. ಅನಂತರ ಅದಕ್ಕೆ ಮುಚ್ಚಿದ ಮೈಯನ್ನು ಕಟ್ಟಿಸಿದರು. ಇನ್ನೂ ಮುಂದೆ ಪಂದ್ಯದ ದಿನಗಳ ತೆರೆದ ಮೈಯನ್ನು ಹೋಲುವಂತೆ ಮತ್ತೊಂದನ್ನು ಕಟ್ಟಿಸಿದರು. ಕೊನೆಗೆ ಅದರ ಒಡೆಯನು ಒಂದು ಸಂಸ್ಥೆಗೆ ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡನು. ಕೊಳ್ಳುವವರು ಹಿಂದೆಗೆದರು: ಇದು ಆ ಗಾಡಿಯೇ ಅಲ್ಲ, ಪಂದ್ಯ ಗೆದ್ದ ದಿನದ ಅಂಗಗಳು ಇದರಲ್ಲಿ ಬೆರಳೆಣಿಕೆಯಷ್ಟೂ ಇಲ್ಲ, ಎಂಬುದು ಅವರ ವಾದ.

ನ್ಯಾಯಾಧೀಶ ಆಟನ್ನರು 1990ರಲ್ಲಿ ಕೊಟ್ಟ ತೀರ್ಪು ನನಗೆ ಬಹಳ ಮೆಚ್ಚಿಕೆಯಾದದ್ದು. ಅದರ ಭಾವ ಹೀಗೆ: ಮೊದಲು ಕಟ್ಟಿದಾಗಿನ ಗಾಡಿಯೇ ಇದೆಂಬ ಅರ್ಥದಲ್ಲಿ ಇದನ್ನು ಮೂಲವೆನ್ನಲಾಗದು, ಆದರೆ ನಕಲೆಂದೂ ಹೊಸದಾಗಿ ಕಟ್ಟಿದ ಪ್ರತಿಕೃತಿಯೆಂದೂ ಹೇಳಲಾಗದು. ಇದು ಒಮ್ಮೆಯೂ ಇಲ್ಲದಂತಾಗಿ ಮತ್ತೆ ಹುಟ್ಟಿದ ಗಾಡಿಯಲ್ಲ. ಒಂದು ಚರಿತ್ರೆಯ ಎಳೆ ಎಲ್ಲಿಯೂ ಕಡಿಯದೆ ಬಂದಿದೆ. ಆದುದರಿಂದ ಇದೇ ಓಲ್ಡ್ ನಂಬರ್ ಒನ್. ಕೊಳ್ಳುವವರು ಕೊಳ್ಳಲೇಬೇಕಾಯಿತು. ನಾಗಸೇನನ ದೀಪವನ್ನು ಆ ನ್ಯಾಯಾಧೀಶರು ಓದಿದ್ದರೋ ಇಲ್ಲವೋ, ಲಂಡನ್ನಿನ ನ್ಯಾಯಪೀಠದಲ್ಲಿ ಆ ದಿನ ಅದೇ ದೀಪ ಉರಿಯಿತು.

ಈ ತೀರ್ಪಿನಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಗಾಡಿಯ ನಿಜತ್ವವು ಅದರ ಉಕ್ಕಿನಲ್ಲಿಲ್ಲ, ಚರಿತ್ರೆಯಲ್ಲಿದೆ ಎಂದಾದರೆ, ಚರಿತ್ರೆ ನಿಜವಾಗಿರಬೇಕು. ಅಂಗಗಳು ಬದಲಾದದ್ದು ದೋಷವಲ್ಲ. ಬದಲಾದದ್ದನ್ನು ಮರೆಮಾಡಿದರೆ ಆಗ ಎಳೆ ಕಡಿಯುತ್ತದೆ. ಇದನ್ನು ಒಪ್ಪಿದರೆ ಜೀರ್ಣೋದ್ಧಾರ ಮಾಡುವವನ ಧರ್ಮವು ಕೈಕೆಲಸದ ಧರ್ಮವಾಗಿರುವಷ್ಟೇ ಮಾತಿನ ಧರ್ಮವೂ ಆಗುತ್ತದೆ. ಅವನು ಏನನ್ನು ತೆಗೆದನು, ಏನನ್ನು ಹಾಕಿದನು, ಎಲ್ಲಿ ತಿಳಿದು ಮಾಡಿದನು, ಎಲ್ಲಿ ಊಹಿಸಿ ಮಾಡಿದನು ಎಂಬುದನ್ನು ಬರೆದಿಡದೆ ಹೋದರೆ, ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ಹೆಚ್ಚು ಸುಳ್ಳು ಮಾಡಿದಂತಾಯಿತು. ಒರಟು ಕೆಲಸ ತಾನೇ ತನ್ನನ್ನು ಹೇಳಿಕೊಳ್ಳುತ್ತದೆ. ಕುಶಲಿಯ ಕೆಲಸಕ್ಕೆ ಬಾಯಿಲ್ಲ.

ಹಳೆಯ ಕಟ್ಟಡಗಳ ವಿಷಯದಲ್ಲಿ ಈ ವಿವೇಕ ಮೊದಲು ಬಂದಿತು. 1964ರ ವೆನಿಸ್ ಸನ್ನದು ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ವಿಧಿಸಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟದವರು ಅದರ ಜಾಡಿನಲ್ಲಿಯೇ ನಡೆದು 2012ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿದರು: ಹೊಸದು ಮಾಡುವುದಕ್ಕಿಂತ ಇದ್ದದ್ದನ್ನು ಉಳಿಸುವುದು ಮೇಲು, ಮಾಡಿದ್ದನ್ನೆಲ್ಲ ದಾಖಲೆಯಲ್ಲಿಡಬೇಕು, ಹಾಕಿದ ಹೊಸ ಅಂಗಕ್ಕೆ ಕಣ್ಣಿಗೆ ಚುಚ್ಚದ, ಆದರೆ ಅಳಿಯದ ಗುರುತನ್ನು ಒತ್ತಬೇಕು. ಈ ಕಡೆಯ ನಿಯಮ ನೋಡುವುದಕ್ಕೆ ಸಣ್ಣದು. ನನ್ನ ಅಭಿಪ್ರಾಯದಲ್ಲಿ ಇಡೀ ಸನ್ನದಿನ ನೀತಿ ಅದರಲ್ಲಿಯೇ ಇದೆ.

ಇದಕ್ಕೆ ವಿರುದ್ಧವಾದ ರೂಢಿ ಬಹುಕಾಲ ನಡೆದುಬಂದಿತು. ಸ್ಪರ್ಧೆಗಳಲ್ಲಿ ಬಹುಮಾನ ಮೆರುಗಿಗೆ ಸಲ್ಲುತ್ತಿದ್ದುದರಿಂದ, ಕಾರ್ಖಾನೆಯಲ್ಲಿ ಹುಟ್ಟಿದ ದಿನವೂ ಇಲ್ಲದಿದ್ದ ಹೊಳಪು ಮುಪ್ಪಿನಲ್ಲಿ ಗಾಡಿಗಳಿಗೆ ಬಂದಿತು. 1920ರ ದಶಕದ ಬಹುಭಾಗ ದೀಪಗಳಿಗೂ ರೇಡಿಯೇಟರಿಗೂ ನಿಕ್ಕಲಿನ ಮುಲಾಮು ಹಾಕುತ್ತಿದ್ದರು. ಅದರ ಹೊಳಪು ಬೆಣ್ಣೆಯ ಬಣ್ಣದ ಮೃದುವಾದ ಹೊಳಪು. ನೀಲಿಯೊಡೆಯುವ ಕ್ರೋಮಿಯಂ ಬಳಕೆಗೆ ಬಂದದ್ದು ಆ ದಶಕದ ಕೊನೆಯಲ್ಲಿ. ಆದರೂ 1922ರ ಗಾಡಿಗೆ ಕ್ರೋಮಿಯಂ ತೊಡಿಸಿ ನಿಲ್ಲಿಸಿರುವುದನ್ನು ಮೆರವಣಿಗೆಗಳಲ್ಲಿ ಕಾಣಬಹುದು. ಅಜ್ಜಿಗೆ ಮೊಮ್ಮಗಳ ಸೀರೆಯನ್ನು ಉಡಿಸಿ ಅಜ್ಜಿಯ ಮದುವೆಯ ದಿನದ ಚಿತ್ರವೆಂದು ತೋರಿಸಿದ ಹಾಗೆ! ನೋಡಿದವರು ಚೆನ್ನಾಗಿದೆ ಎನ್ನುತ್ತಾರೆ, ಚೆನ್ನಾಗಿಯೂ ಇರುತ್ತದೆ.

ಈಚೆಗೆ ಗಾಳಿ ತಿರುಗಿದೆ. ಇಟಲಿ ಸ್ವಿಟ್ಜರ್ಲೆಂಡುಗಳ ನಡುವಣ ಮಾಜೋರೆ ಸರೋವರದ ತಳದಿಂದ 2009ರಲ್ಲಿ 1925ರ ಬುಗಾಟಿ ಗಾಡಿಯೊಂದನ್ನು ಮೇಲೆತ್ತಿದರು. ಸುಂಕ ಕೊಡದ ಗಾಡಿಯೆಂದು ಅಧಿಕಾರಿಗಳು ಅದನ್ನು ಸರಪಣಿ ಕಟ್ಟಿ ನೀರಿಗೆ ಇಳಿಸಿದ್ದರಂತೆ. ಸರಪಣಿ ಹರಿದು ಅದು ಐವತ್ತು ಮೀಟರಿಗೂ ಆಳಕ್ಕೆ ಹೋಯಿತು. ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನೀರಿನಲ್ಲಿದ್ದು ಮೇಲೆ ಬಂದಾಗ ಒಂದು ಪಕ್ಕ ಕೆಸರಿನಲ್ಲಿ ಹುದುಗಿ ಉಳಿದಿತ್ತು, ಇನ್ನೊಂದು ಪಕ್ಕ ಜಾಲರಿಯಂತೆ ತಿಂದುಹೋಗಿತ್ತು. 2010ರ ಹರಾಜಿನಲ್ಲಿ ಅದು ಎರಡೂವರೆ ಲಕ್ಷ ಯೂರೋಗಳಿಗೂ ಮೀರಿ ಬೆಲೆ ಬಾಳಿತು. ಕೊಂಡವರಿಗೆ ಅದನ್ನು ಹೊಸದಾಗಿ ಮಾಡಿಸುವ ಶಕ್ತಿಯಿತ್ತು; ಮಾಡಿಸಲಿಲ್ಲ. ಕ್ಯಾಲಿಫೋರ್ನಿಯಾದ ಮುಲಿನ್ ಸಂಗ್ರಹಾಲಯದಲ್ಲಿ, ಆ ಸಂಸ್ಥೆ 2024ರಲ್ಲಿ ಮುಚ್ಚುವ ವರೆಗೆ, ಸಿಕ್ಕಿದ ಸ್ಥಿತಿಯಲ್ಲಿಯೇ ಪ್ರದರ್ಶನಕ್ಕಿಟ್ಟಿದ್ದರು. ಅದೇ 2024ರಲ್ಲಿ, ಮೆರುಗಿನ ಸ್ಪರ್ಧೆಗಳಲ್ಲೆಲ್ಲ ಹಿರಿಯದಾದ ಪೆಬ್ಬಲ್ ಬೀಚಿನಲ್ಲಿ, ಹಿಂದೆ ಬೆಲ್ಜಿಯಂ ದೇಶದ ದೊರೆಯದಾಗಿದ್ದ 1934ರ ಬುಗಾಟಿಗೆ ಅಗ್ರ ಬಹುಮಾನ ಬಂದಿತು. ಜೀರ್ಣೋದ್ಧಾರವಾಗದೆ, ಮುಪ್ಪಿನ ಬಣ್ಣದಲ್ಲಿಯೇ ಉಳಿದ ಗಾಡಿಗೆ ಅಲ್ಲಿ ಆ ಗೌರವ ಸಂದದ್ದು ಅದೇ ಮೊದಲು.

ಹಾಗಾದರೆ ಯಾವುದನ್ನೂ ಮುಟ್ಟದೆ ಬಿಡುವುದೇ ಧರ್ಮವೆ? ನಾನು ಹಾಗೆ ಹೇಳಲಾರೆ. ಗಾಡಿ ಎಂಬ ಹೆಸರಿನಲ್ಲಿಯೇ ಓಟವಿದೆ. ನಿಂತ ಗಾಡಿ ಕೆಡದೆ ಉಳಿಯುತ್ತದೆಂಬುದು ಭ್ರಮೆ. ಅದು ಬೇರೊಂದು ರೀತಿಯಲ್ಲಿ ಕೆಡುತ್ತದೆ. ಟಾಂಕಿಯ ಪೆಟ್ರೋಲು ಅಂಟಾಗುತ್ತದೆ, ರಬ್ಬರು ಕಲ್ಲಾಗಿ ಬಿರಿಯುತ್ತದೆ, ಪಿಸ್ಟನಿನ ಉಂಗುರಗಳು ತುಕ್ಕಿನಿಂದ ಸಿಲಿಂಡರಿಗೆ ಕಚ್ಚಿಕೊಳ್ಳುತ್ತವೆ. ಇನ್ನೊಂದು ವಿಚಾರವೂ ಇದೆ. ಕೈಯಿಂದ ಹಿಡಿಕೆ ತಿರುಗಿಸಿ ಹೊರಡಿಸಿದ ಇಂಜಿನಿನ ಸದ್ದು, ಅದರ ನಡುಕ, ಬಿಸಿ ಎಣ್ಣೆಯ ವಾಸನೆ, ಘಟ್ಟದ ತಿರುವಿನಲ್ಲಿ ಗೇರು ಬದಲಾಯಿಸಲು ಬೇಕಾದ ಕಾಲುಕೈಗಳ ಮೇಳ, ಇವೂ ಆ ಕಾಲದವರು ನಮಗೆ ಬಿಟ್ಟುಹೋದ ಆಸ್ತಿಯೇ. ವೀಣೆಯನ್ನು ಹಳೆಯ ತಂತಿಗಳೊಡನೆ ಗಾಜಿನೊಳಗಿಟ್ಟರೆ ಮರ ಉಳಿಯಿತು, ನಾದ ಹೋಯಿತು. ಓಡಿಸಿದರೆ ಸವೆಯುತ್ತದೆ, ಸವೆದರೆ ಬದಲಾಯಿಸಬೇಕು, ಬದಲಾಯಿಸಿದರೆ ಮೂಲ ಕಡಮೆಯಾಗುತ್ತದೆ. ಈ ಇಕ್ಕಟ್ಟಿನಿಂದ ಪಾರಾಗುವ ಉಪಾಯವಿಲ್ಲ. ಒಂದೂವರೆ ಕೋಟಿಯಲ್ಲಿ ಒಂದಾದ ಫೋರ್ಡು ಓಡಲಿ. ಮೊದಲ ಬಣ್ಣದಲ್ಲಿಯೇ ಉಳಿದ ಅಪರೂಪದ ಒಂಟಿ ಗಾಡಿ ವಿಶ್ರಮಿಸಲಿ ಎಂದು ಒಂದೊಂದು ಗಾಡಿಗೂ ಬೇರೆ ಬೇರೆಯಾಗಿ ತೀರ್ಮಾನ ಮಾಡಬೇಕಲ್ಲದೆ ಸಾಮಾನ್ಯ ಸೂತ್ರವೊಂದನ್ನು ಕಟ್ಟಲು ಬರುವುದಿಲ್ಲ.

ಮೂಲನಿಷ್ಠೆಗೂ ಮೇರೆಯುಂಟು. ಹಳೆಯ ಬ್ರೇಕುಗಳ ಪಟ್ಟಿಯಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದು ಈಗ ನಿಶ್ಚಯವಾಗಿ ತಿಳಿದ ಸಂಗತಿ. ‘ಮೂಲದಂತೆಯೇ ಇರಬೇಕು’ ಎಂದು ಹಟ ಹಿಡಿದು ಆ ಧೂಳನ್ನು ಗರಾಜಿನ ಹುಡುಗನಿಗೆ ಕುಡಿಸುವವನು ಯಾವ ಪರಂಪರೆಯನ್ನು ಕಾಪಾಡಿದಂತಾಯಿತು? ಒಡೆದರೆ ಕತ್ತಿಯಾಗುವ ಹಳೆಯ ಕಿಟಕಿಯ ಗಾಜಿನ ಮಾತೂ ಇದೇ.

ಇಲ್ಲಿಯ ವರೆಗಿನ ಉದಾಹರಣೆಗಳೆಲ್ಲ ಹೊರದೇಶದವು. ನಮ್ಮ ದೇಶದಲ್ಲಿ ಪ್ರಶ್ನೆ ಇನ್ನೊಂದು ಮುಖವನ್ನು ತೋರಿಸುತ್ತದೆ. ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವುದು ಅದೇ. ಪಶ್ಚಿಮದವರಿಗೆ ಹಳೆಯ ಗಾಡಿಯನ್ನು ಉಳಿಸಿದ್ದು ಹವ್ಯಾಸ. ನಮ್ಮಲ್ಲಿ ಉಳಿಸಿದ್ದು ಬಡತನ. ಸ್ವಾತಂತ್ರ್ಯ ಬಂದ ಮೇಲೆ ಹೊರಗಿನ ಗಾಡಿಗಳ ಆಮದಿಗೆ ಕಟ್ಟುಬಿದ್ದಿತು. 1950ರ ದಶಕದಲ್ಲಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪೆನಿಗಳು ಇಲ್ಲಿಯ ಜೋಡಣೆಯ ಕೆಲಸವನ್ನು ನಿಲ್ಲಿಸಿದುವು. ಇದ್ದ ಗಾಡಿಗಳನ್ನೇ ಓಡಿಸಬೇಕು. ಬಿಡಿ ಅಂಗಗಳು ಬಾರವು. ಆಗ ನಮ್ಮ ಮೇಸ್ತ್ರಿಗಳು ಇಲ್ಲದ ಅಂಗವನ್ನು ತಾವೇ ಎರಕ ಹೊಯ್ದರು, ಲಾರಿಯ ಅಂಗವನ್ನು ಕಾರಿಗೆ ಹೊಂದಿಸಿದರು, ಪೆಟ್ರೋಲಿನ ಇಂಜಿನನ್ನು ಇಳಿಸಿ ಡೀಸೆಲಿನದನ್ನು ಏರಿಸಿದರು.

ಒಂದು ಗಾಡಿಯನ್ನು ಭಾವಿಸಿಕೊಳ್ಳೋಣ. 1947ರ ಅಮೆರಿಕದ ಡಾಡ್ಜ್. ಯಾರೋ ಕಾಫಿ ತೋಟದ ದೊರೆ ಕೊಂಡದ್ದು. ಹತ್ತು ವರ್ಷಗಳ ಮೇಲೆ ಟ್ಯಾಕ್ಸಿಯವನೊಬ್ಬನ ಕೈಗೆ ಬಂದಿತು. ಅದರ ಆರು ಸಿಲಿಂಡರಿನ ಇಂಜಿನು ಕುಡಿಯುವ ಪೆಟ್ರೋಲಿನ ಬೆಲೆಯನ್ನು ಅವನು ತಡೆಯಲಾರದೆ, ಸಾಲ ಮಾಡಿ, ಮದರಾಸಿನಲ್ಲಿ ತಯಾರಾಗುತ್ತಿದ್ದ ಪರ್ಕಿನ್ಸ್ ಡೀಸೆಲ್ ಇಂಜಿನನ್ನು ಹಾಕಿಸಿದನು. ಇಪ್ಪತ್ತೈದು ವರ್ಷ ಘಟ್ಟದ ಮೇಲೂ ಕೆಳಗೂ ಮದುವೆಯ ದಿಬ್ಬಣವನ್ನೂ ಬಸುರಿಯರನ್ನೂ ಅಡಕೆಯ ಮೂಟೆಗಳನ್ನೂ ಅದು ಹೊತ್ತಿತು. ಆ ಇಂಜಿನಿನಿಂದ ಅವನ ಮಕ್ಕಳು ಓದಿದರು, ಹೆಣ್ಣುಮಕ್ಕಳ ಮದುವೆಯಾಯಿತು. ಈಗ ಹವ್ಯಾಸಿಯೊಬ್ಬನು ಅದನ್ನು ಕೊಂಡಿದ್ದಾನೆ. ಅವನ ಮೊದಲನೆಯ ಮಾತು: ‘ಈ ಡೀಸೆಲ್ ಇಂಜಿನನ್ನು ಕಿತ್ತೊಗೆದು ಮೂಲದ್ದನ್ನು ಹುಡುಕಬೇಕು.’

ಸರ್ಕಾರವೂ ಅವನ ಪಕ್ಷದಲ್ಲಿಯೇ ಇದೆ. ಕೇಂದ್ರ ಸರ್ಕಾರವು 2021ರಲ್ಲಿ ಹೊರಡಿಸಿದ ನಿಯಮದಂತೆ, ಮೊದಲು ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ, ಷಾಸಿ ಮೈ ಇಂಜಿನುಗಳಲ್ಲಿ ಗಣನೀಯವಾದ ಮಾರ್ಪಾಟಿಲ್ಲದ ವಾಹನಕ್ಕೆ ಮಾತ್ರ ಪ್ರಾಚೀನ ವಾಹನವೆಂಬ ಮಾನ್ಯತೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಸಂಖ್ಯಾಫಲಕದಲ್ಲಿ ‘ವಿ ಎ’ ಎಂಬ ಅಕ್ಷರಗಳು. ನಿಯಮವನ್ನು ನಾನು ಹಳಿಯುವುದಿಲ್ಲ. ಎಲ್ಲಿಯಾದರೂ ಒಂದು ಗೆರೆ ಎಳೆಯಬೇಕು. ಆದರೆ ಆ ಗೆರೆಯಿಂದ ಆಗುವುದೇನೆಂದರೆ, ಗಾಡಿಯು ಅಮೆರಿಕದ ಕಾರ್ಖಾನೆಯಲ್ಲಿ ಕಳೆದ ಒಂದು ದಿನ ಮೂಲವೆನಿಸುತ್ತದೆ. ನಮ್ಮ ಜನರ ನಡುವೆ ಕಳೆದ ಇಪ್ಪತ್ತೈದು ವರ್ಷಗಳು ಕಳಂಕವೆನಿಸುತ್ತವೆ. ಚರಿತ್ರೆಯ ಕಡಿಯದ ಎಳೆಯೇ ಗಾಡಿಯ ನಿಜವೆಂದು ಲಂಡನ್ನಿನ ಪಂದ್ಯದ ಗಾಡಿಗೆ ನಾವು ಒಪ್ಪಿದ ಮೇಲೆ, ಘಟ್ಟದ ಟ್ಯಾಕ್ಸಿಗೆ ಒಪ್ಪುವುದಿಲ್ಲವೆಂದರೆ ಹೇಗೆ? ಗೆದ್ದವನ ಚರಿತ್ರೆಗೆ ಒಂದು ನ್ಯಾಯ, ದುಡಿದವನ ಚರಿತ್ರೆಗೆ ಇನ್ನೊಂದೆ?

ಹವ್ಯಾಸಿಯೂ ಸುಮ್ಮನಿರುವುದಿಲ್ಲ. ‘ಸ್ವಾಮಿ, ಡೀಸೆಲ್ ಇಂಜಿನಿನ ಡಾಡ್ಜ್ ಒಂದು ಕಾಲದಲ್ಲಿ ಬೀದಿಗೊಂದಿತ್ತು, ಮೂಲ ಇಂಜಿನಿನ ಡಾಡ್ಜ್ ಈಗ ಜಿಲ್ಲೆಗೊಂದಿಲ್ಲ. ಅದನ್ನು ಕಟ್ಟಿದ ಶಿಲ್ಪಿಗಳ ಬುದ್ಧಿ ಏನಿತ್ತೆಂದು ಮಕ್ಕಳು ನೋಡಬೇಡವೆ? ನನ್ನ ಹಣ, ನನ್ನ ಗಾಡಿ’ ಎಂದು ಅವನು ಹೇಳಬಹುದು. ಮೊದಲನೆಯ ಮಾತು ಗಟ್ಟಿಯಾದದ್ದು. ಅದಕ್ಕೆ ನಾನು ತಲೆಬಾಗುತ್ತೇನೆ. ಎರಡನೆಯದನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ಫ್ರಾನ್ಸಿನ ಮುಲ್ಹೌಸಿನಲ್ಲಿ ಶ್ಲುಂಫ್ ಸೋದರರು ತಮ್ಮ ನೂಲಿನ ಗಿರಣಿಗಳ ಸಂಪತ್ತಿನಿಂದ ನಾನೂರಕ್ಕೂ ಮಿಕ್ಕಿದ ಗಾಡಿಗಳನ್ನು ಗುಟ್ಟಾಗಿ ಕೂಡಿಹಾಕಿದ್ದರು. ಗಿರಣಿಗಳು ಮುಳುಗಿದಾಗ, 1977ರಲ್ಲಿ, ಕೆಲಸ ಕಳೆದುಕೊಂಡ ಕೂಲಿಗಾರರು ಒಳಹೊಕ್ಕು ಆ ಸಾಲುಸಾಲು ಬುಗಾಟಿಗಳನ್ನು ಕಂಡರು. ತಾವೇ ಬಾಗಿಲು ತೆರೆದು ಊರಿಗೆ ತೋರಿಸಿದರು. 1982ರಿಂದ ಅದು ಆ ದೇಶದ ರಾಷ್ಟ್ರೀಯ ಮೋಟಾರು ಸಂಗ್ರಹಾಲಯವಾಗಿದೆ. ‘ನನ್ನ ಗಾಡಿ’ ಎಂಬ ಮಾತಿನ ಹಿಂದೆ ಯಾರ ಯಾರ ಬೆವರು ಇರುತ್ತದೆಂಬುದು ಯಾವಾಗಲೂ ಮೇಲಿಂದ ಕಾಣುವುದಿಲ್ಲ. ಡಾಡ್ಜಿನ ವಿಷಯದಲ್ಲಿ ಕಾರ್ಖಾನೆಯವನ ಬೆವರಿನ ಜೊತೆಗೆ ಟ್ಯಾಕ್ಸಿಯವನದೂ, ಇಂಜಿನಿಗೆ ಹೊಸ ಆಸರೆಗಳನ್ನು ಬೆಸೆದು ಕೂರಿಸಿದ ಮೇಸ್ತ್ರಿಯದೂ ಸೇರಿದೆ.

ಆದುದರಿಂದ ಇಂಜಿನನ್ನು ಬದಲಾಯಿಸಬೇಕೆಂದಿದ್ದರೆ ಬದಲಾಯಿಸಲಿ. ಆದರೆ ಇಳಿಸಿದ್ದನ್ನು ಗುಜರಿಗೆ ಹಾಕದೆ ಎಣ್ಣೆ ಹಚ್ಚಿ ಮೂಲೆಯಲ್ಲಿಡಲಿ. ಅದನ್ನು ಹಾಕಿಸಿದವನ ಹೆಸರು, ಹಾಕಿದ ಮೇಸ್ತ್ರಿಯ ಹೆಸರು, ವರ್ಷ, ಓಡಿದ ದಾರಿ ಇವನ್ನು ಕೇಳಿ ತಿಳಿದು ಗಾಡಿಯ ಪುಸ್ತಕದಲ್ಲಿ ಬರೆಯಲಿ. ಆ ಮನೆಯವರು ಇನ್ನೂ ಊರಲ್ಲಿದ್ದರೆ ಒಂದು ದಿನ ಕರೆದು ಗಾಡಿಯಲ್ಲಿ ಕೂರಿಸಲಿ. ಮತ್ತು ಎಲ್ಲಿಯೋ ಒಂದು ಸಂಗ್ರಹಾಲಯವಾದರೂ ಇಂಥ ಒಂದು ಗಾಡಿಯನ್ನು ಡೀಸೆಲ್ ಇಂಜಿನು, ಛಾವಣಿಯ ಮೇಲಿನ ಮೂಟೆಯ ಜಾಲರಿ, ತೇಪೆ ಹಾಕಿದ ಆಸನ, ಎಲ್ಲದರೊಡನೆ ಹಾಗೆಯೇ ಇಟ್ಟು, ರಾಜಮಹಾರಾಜರ ಗಾಡಿಗಳ ಸಾಲಿನಲ್ಲಿ ನಿಲ್ಲಿಸಲಿ ಎಂಬುದು ನನ್ನ ಕೋರಿಕೆ.

ಇನ್ನು ಬಣ್ಣದ ಮಾತು ಉಳಿಯಿತು. ಇಂಥ ಗಾಡಿಗಳಲ್ಲಿ ಬಲಗಡೆಯ ಮುಂದಿನ ಬಾಗಿಲಿನ ಮೇಲಂಚನ್ನು ನೋಡಿದರೆ, ಗಾಡಿ ನಡಸುವವನು ವರ್ಷಗಟ್ಟಲೆ ಮೊಣಕೈ ಊರಿದ ಕಡೆ ಅಂಗೈಯಗಲ ಬಣ್ಣ ಸವೆದು ತಗಡು ನುಣುಪಾಗಿರುತ್ತದೆ. ಬಣ್ಣದವನು ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿಟ್ಟುಕೊಂಡು ಅಪ್ಪಣೆ ಕೇಳಿದರೆ, ನಾನಾದರೆ ಆ ಬಾಗಿಲೊಂದನ್ನು ಬಿಟ್ಟು ಬೇರೆ ಕಡೆಯಿಂದ ಪ್ರಾರಂಭಿಸೆಂದು ಹೇಳುತ್ತೇನೆ.